ಏದುಸಿರಿನಲ್ಲಿ ಗುರಿ ಹಿಡಿಯುವ ಲೆಕ್ಕಾಚಾರ

ಆರುನೂರು ಮೀಟರು ಓಡಿ ಬರಬೇಕು. ಮೇಜಿನ ಮೇಲಿರುವ ಪಿಸ್ತೂಲನ್ನು ಒಂದೇ ಕೈಯಲ್ಲಿ ಎತ್ತಿ, 10 ಮೀಟರ್ ಆಚೆಗಿರುವ 59.5 ಮಿ.ಮೀ. ವ್ಯಾಸದ ಗುರಿಗೆ ಐದು ಸಲ ತಾಗಿಸಬೇಕು. ಐದನೆಯದು ತಾಗಿದ ಕೂಡಲೇ ಮತ್ತೆ ಓಟ. ಹೀಗೆ ಐದು ಸುತ್ತು ಓಟ, ನಡುನಡುವೆ ನಾಲ್ಕು ಸಲ ಶೂಟಿಂಗ್. ಎಷ್ಟು ಸಲ ಬೇಕಾದರೂ ಟ್ರಿಗರ್ ಒತ್ತಬಹುದು. ಐದೂ ತಾಗದಿದ್ದರೆ 50 ಸೆಕೆಂಡು ಕಳೆದ ಮೇಲೆ ಹೊರಡಬಹುದು. ಲೇಸರ್ ರನ್ ಎಂದರೆ ಇಷ್ಟೇ. ಒಳ್ಳೆಯ ಆಟಗಾರರು ಇದನ್ನೆಲ್ಲ 10–11 ನಿಮಿಷದಲ್ಲಿ ಮುಗಿಸುತ್ತಾರೆ.

ಇದು ಹುಟ್ಟಿದ್ದು ಆಧುನಿಕ ಪೆಂಟಾಥ್ಲಾನ್‌ನ ಹೊಟ್ಟೆಯಲ್ಲಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಶುರುವಾದ ಆ ಸ್ಪರ್ಧೆಯಲ್ಲಿ ಕತ್ತಿವರಸೆ, ಈಜು, ಕುದುರೆ ಸವಾರಿ, ಶೂಟಿಂಗ್, ಓಟ ಐದೂ ಬೇರೆಬೇರೆ ಇದ್ದವು. ಶೂಟಿಂಗ್‌ಗೆ ಬರುವವರು ಸಾವಧಾನವಾಗಿ ನಿಂತು ಗುರಿ ಇಡುತ್ತಿದ್ದರು. 2009ರಲ್ಲಿ ಓಟವನ್ನೂ ಶೂಟಿಂಗನ್ನೂ ಒಂದು ಮಾಡಿದರು. ಮರುವರ್ಷದಿಂದ ಸೀಸದ ಗುಂಡಿನ ಏರ್ ಪಿಸ್ತೂಲಿನ ಜಾಗಕ್ಕೆ ಲೇಸರ್ ಬಂತು, 2012ರ ಲಂಡನ್ ಹೊತ್ತಿಗೆ ಒಲಿಂಪಿಕ್ಸ್‌ಗೂ ಕಾಲಿಟ್ಟಿತು. ಲಂಡನ್‌ನಲ್ಲಿ 1000 ಮೀಟರಿನ ಮೂರು ಸುತ್ತು, ರಿಯೋ ಮತ್ತು ಟೋಕಿಯೋಗಳಲ್ಲಿ 800ರ ನಾಲ್ಕು, 2024ರ ಪ್ಯಾರಿಸ್‌ನಲ್ಲಿ 600ರ ಐದು. ಒಟ್ಟು ದೂರ ಹೆಚ್ಚುಕಮ್ಮಿ ಅಷ್ಟೇ ಉಳಿಯಿತು. ಆದರೆ ಪ್ರತಿ ಓಟ ಚಿಕ್ಕದಾದಂತೆ ಮೇಜಿನ ಮುಂದೆ ಕಳೆಯುವ ಸೆಕೆಂಡುಗಳ ತೂಕ ಏರಿತು. ಪೆಂಟಾಥ್ಲಾನ್‌ನಲ್ಲಿ ಲೇಸರ್ ರನ್ ಕೊನೆಯ ಸ್ಪರ್ಧೆ. ಅಲ್ಲಿಯವರೆಗೆ ಗಳಿಸಿದ ಅಂಕಗಳ ಅಂತರವನ್ನೇ, ಒಂದು ಅಂಕಕ್ಕೆ ಒಂದು ಸೆಕೆಂಡಿನಂತೆ, ಹಿಂದುಮುಂದಾಗಿ ಹೊರಡಿಸುವುದಕ್ಕೆ ಬಳಸುತ್ತಾರೆ. ಹಾಗಾಗಿ ಮೊದಲು ಗೆರೆ ದಾಟಿದವರಿಗೇ ಚಿನ್ನ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವರ್ಸೇಲ್ಸ್ ಅರಮನೆಯ ಆವರಣದಲ್ಲಿ ಈಜಿಪ್ಟಿನ ಅಹ್ಮದ್ ಎಲ್‌ಗೆಂಡಿ 1555 ಅಂಕಗಳ ವಿಶ್ವದಾಖಲೆಯೊಂದಿಗೆ ಗೆದ್ದದ್ದು ಹೀಗೆ.

ಹೊಸಬರು ಸಾಮಾನ್ಯವಾಗಿ ಎರಡರಲ್ಲಿ ಒಂದು ಕಡೆ ವಾಲುತ್ತಾರೆ. ಓಟಗಾರರು ಗುರಿಯನ್ನು ಅದೃಷ್ಟಕ್ಕೆ ಬಿಡುತ್ತಾರೆ, ಶೂಟಿಂಗ್‌ನಿಂದ ಬಂದವರು ಮೇಜಿನ ಮುಂದೆ ತಪಸ್ಸಿಗೆ ನಿಲ್ಲುತ್ತಾರೆ. ಇಬ್ಬರಿಗೂ ಒಂದೇ ಭಾಗಾಕಾರ ಉತ್ತರ ಕೊಡುತ್ತದೆ. ಪಿಸ್ತೂಲನ್ನು ಮೇಜಿಗೆ ತಾಗಿಸಿ ಲೋಡ್ ಮಾಡಿ, ಎತ್ತಿ, ಗುರಿ ಹಿಡಿದು ಒತ್ತುವ ಒಂದು ಆವರ್ತಕ್ಕೆ 2 ಸೆಕೆಂಡು ಹಿಡಿಯುತ್ತದೆ ಎನ್ನೋಣ. ಹತ್ತಕ್ಕೆ ಎಂಟು ತಾಗಿಸುವವರಿಗೆ ಐದು ತಾಗಿಸಲು ಸರಾಸರಿ 6.25 ಹೊಡೆತ ಬೇಕು, ಅಂದರೆ 12.5 ಸೆಕೆಂಡು. ಹತ್ತಕ್ಕೆ ಐದೇ ತಾಗಿದರೆ 10 ಹೊಡೆತ, 20 ಸೆಕೆಂಡು. ನಾಲ್ಕು ಶೂಟಿಂಗ್ ಸೇರಿ ಅಂತರ 30 ಸೆಕೆಂಡು. ಇದೇ 30 ಸೆಕೆಂಡನ್ನು ಕಾಲಿನಿಂದ ಗಳಿಸಬೇಕಾದರೆ 3 ಕಿ.ಮೀ. ಉದ್ದಕ್ಕೂ ಕಿಲೋಮೀಟರಿಗೆ 10 ಸೆಕೆಂಡು ವೇಗ ಹೆಚ್ಚಿಸಿಕೊಳ್ಳಬೇಕು. ಈಗಾಗಲೇ ಚೆನ್ನಾಗಿ ಓಡುವವರಿಗೆ ಅದು ತಿಂಗಳುಗಟ್ಟಲೆ ದುಡಿಮೆ. ಇನ್ನು ತಪಸ್ವಿಗಳ ಪಾಡು ನೋಡಿ: ನೂರಕ್ಕೆ 95 ತಾಗಿದರೂ ಒಂದೊಂದಕ್ಕೆ 4 ಸೆಕೆಂಡು ತಗೊಂಡರೆ ಒಟ್ಟು 21 ಸೆಕೆಂಡು. ಅರ್ಧಕ್ಕರ್ಧ ತಪ್ಪಿಸುವ ಆತುರಗಾರನಿಗಿಂತಲೂ ಹಿಂದೆ! ಒಂದು ಹೊಡೆತಕ್ಕೆ ಹಿಡಿದ ಸಮಯವನ್ನು ತಾಗುವ ಪ್ರಮಾಣದಿಂದ ಭಾಗಿಸಿ. ಆ ಸಂಖ್ಯೆ 2.5ರ ಆಸುಪಾಸಿಗೆ ಬಂದರೆ ಶೂಟಿಂಗ್ ಹಾದಿಗೆ ಬಂದಿದೆ ಎಂದರ್ಥ. ಸಲಕರಣೆಯ ಆಯ್ಕೆ, ವ್ಯಾಯಾಮ ಎಲ್ಲವನ್ನೂ ಈ ಸಂಖ್ಯೆಯನ್ನು ಇಳಿಸುತ್ತದೆಯೇ ಇಲ್ಲವೇ ಎಂದು ನೋಡಿಯೇ ಅಳೆಯಬೇಕು.

ಗುರಿ ಸಣ್ಣ ಕಿತ್ತಳೆಹಣ್ಣಿನಷ್ಟು ಗಾತ್ರದ್ದು, ಅದರ ನಡು ನೆಲದಿಂದ 1.4 ಮೀಟರ್ ಎತ್ತರದಲ್ಲಿರುತ್ತದೆ. ನಡುವಿನಿಂದ ಯಾವ ದಿಕ್ಕಿಗೇ ಆಗಲಿ 30 ಮಿ.ಮೀ. ತಪ್ಪಿದರೆ ಲೆಕ್ಕಕ್ಕಿಲ್ಲ. ಈಗ ಕೈಯನ್ನು ನೋಡೋಣ. ಓಡಿ ಬಂದ ಕೈ ಒಂದು ಸೆಂಟಿಮೀಟರು ಮೇಲೆ ಕೆಳಗೆ ತೂಗಿದರೂ, ಪಿಸ್ತೂಲು ನೇರವಾಗಿದ್ದರೆ, ಗುರಿಯ ಮೇಲೂ ಅಷ್ಟೇ ಒಂದು ಸೆಂಟಿಮೀಟರು ಸರಿಯುತ್ತದೆ. ತಾಗುತ್ತದೆ, ಹಸಿರು ದೀಪ ಹತ್ತುತ್ತದೆ. ಆದರೆ ಗುರಿ ಹೊಂದಿಸಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರುವ ಸೈಟುಗಳಲ್ಲಿ, ಹಿಂದಿನ ಸೈಟಿನ ಕಚ್ಚಿನೊಳಗೆ ಮುಂದಿನ ಸೈಟಿನ ಕಂಬ ಒಂದೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದಿದ್ದರೆ? ಎರಡು ಸೈಟುಗಳ ನಡುವೆ ಇರುವುದು ಸುಮಾರು 33 ಸೆಂ.ಮೀ. ಅದು 10 ಮೀಟರಿಗೆ ಹಿಗ್ಗಿದಾಗ ಒಂದು ಮಿ.ಮೀ. ತಪ್ಪು 30 ಮಿ.ಮೀ. ಆಗುತ್ತದೆ. ಗುರಿಯ ಅಂಚು ಅಲ್ಲಿಗೇ ಮುಗಿಯುತ್ತದೆ. ಅಂದರೆ ತೋಳಿನ ತೂಗಾಟವನ್ನು ಈ ಗುರಿ ಕ್ಷಮಿಸುತ್ತದೆ, ಮಣಿಕಟ್ಟಿನ ಬಾಗನ್ನು ಕ್ಷಮಿಸುವುದಿಲ್ಲ. ನಡುಗುವ ಕೈಯನ್ನು ನಿಲ್ಲಿಸಲು ಹೆಣಗುವುದು ಸೆಕೆಂಡು ಕಳೆಯುವ ದಾರಿ. ಮಣಿಕಟ್ಟನ್ನು ಬಿಗಿಯಾಗಿಟ್ಟು, ಮುಂದಿನ ಸೈಟ್ ಸ್ಪಷ್ಟವಾಗಿ, ಗುರಿ ಮಸುಕಾಗಿ ಕಾಣುವಂತೆ ಕಣ್ಣು ನೆಟ್ಟು, ತೂಗಾಟ ನಡೆದಿರುವಾಗಲೇ ಟ್ರಿಗರನ್ನು ಹಿಂದಕ್ಕೆ ನೇರ ಒತ್ತಬೇಕು.

ಬಲಗೈಯವರ ತಪ್ಪಿದ ಹೊಡೆತಗಳು ಹೆಚ್ಚಾಗಿ ಎಡಕ್ಕೆ, ಕೆಳಕ್ಕೆ ಬೀಳುತ್ತಿದ್ದರೆ ಅದು ಟ್ರಿಗರನ್ನು ಜಗ್ಗುತ್ತಿರುವ ಗುರುತು. ಬೆರಳೊಂದರ ಬದಲು ಇಡೀ ಅಂಗೈ ಹಿಂಡಿಕೊಳ್ಳುತ್ತದೆ, ಮೂತಿ ತಗ್ಗುತ್ತದೆ. ಸೈಟ್ ತಿರುಗಿಸಿ ಸರಿಪಡಿಸಲು ಹೋಗಬೇಡಿ. ಮುಂದಿನ ಸರದಿಯಲ್ಲಿ ಬೆರಳು ಸರಿಯಾಗಿ ಕೆಲಸ ಮಾಡಿದರೆ ಗುರಿ ಇನ್ನೊಂದು ಕಡೆ ತಪ್ಪುತ್ತದೆ.

ಎದೆಬಡಿತದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ನಿಂತ ಜಾಗದಲ್ಲೇ ಆಡುವ ಶೂಟರ್‌ಗಳು ಎರಡು ಬಡಿತದ ನಡುವಿನ ಬಿಡುವಿನಲ್ಲಿ ಟ್ರಿಗರ್ ಒತ್ತಬಲ್ಲರು, ನಿಜ. ನಿಮಿಷಕ್ಕೆ 75 ಬಡಿತ ಇದ್ದಾಗ ಆ ಬಿಡುವು 0.8 ಸೆಕೆಂಡಿನಷ್ಟು. ಓಡಿ ಬಂದ ಎದೆ 180ರಲ್ಲಿ ಹೊಡೆದುಕೊಳ್ಳುತ್ತಿದ್ದರೆ ಬಡಿತ ಬಡಿತದ ನಡುವೆ ಉಳಿಯುವುದು ಮೂರನೇ ಒಂದು ಸೆಕೆಂಡು. ಕಣ್ಣಿಗೆ ಕಂಡದ್ದಕ್ಕೆ ಬೆರಳು ಸ್ಪಂದಿಸಲಿಕ್ಕೇ 0.2 ಸೆಕೆಂಡು ಬೇಕು, ಬಡಿತ ತಪ್ಪಿಸಿ ಒತ್ತುವ ಮಾತೆಲ್ಲಿ? ಬಡಿತ ಇಳಿಯಲಿ ಎಂದು ಕಾಯುವುದೂ ದಂಡ, ಹತ್ತು ಸೆಕೆಂಡಿನಲ್ಲಿ ಅದು ಅಷ್ಟೇನೂ ಇಳಿಯುವುದಿಲ್ಲ. ಹಿಮದ ಮೇಲೆ ಸ್ಕೀ ಮಾಡಿ ರೈಫಲ್ ಹಿಡಿಯುವ ಬಯಾಥ್ಲಾನ್ ಆಟಗಾರರೂ ಏರಿದ ಬಡಿತದಲ್ಲೇ ಗುಂಡು ಹಾರಿಸುತ್ತಾರೆ. ಅಲ್ಲಿ 50 ಮೀಟರ್ ದೂರಕ್ಕೆ ಮಲಗಿ ಹೊಡೆಯುವ ಗುರಿ 45 ಮಿ.ಮೀ., ನಿಂತು ಹೊಡೆಯುವುದು 115 ಮಿ.ಮೀ. ನಿಂತ ದೇಹ ಎಷ್ಟು ತೂಗಾಡುತ್ತದೆ ಎನ್ನುವುದನ್ನು ನಿಯಮವೇ ಒಪ್ಪಿಕೊಂಡಿದೆ.

ನಮ್ಮ ಹಿಡಿತಕ್ಕೆ ಸಿಗುವುದು ಉಸಿರು. ಮೇಜಿಗೆ ಬಂದಾಗ ಅದು ನಿಮಿಷಕ್ಕೆ 45–60 ಸಲ ಆಡುತ್ತಿರುತ್ತದೆ, ಎದೆಗೂಡು ಏರಿಳಿದ ಹಾಗೆ ತೋಳೂ ಏರಿಳಿಯುತ್ತದೆ. ಉಸಿರು ಕಟ್ಟಿ ಐದೂ ಹೊಡೆಯುತ್ತೇನೆ ಎಂದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿ, ಮೂರು ನಾಲ್ಕು ಸೆಕೆಂಡಿನಲ್ಲೇ ಎದೆ ಗಾಳಿಗಾಗಿ ಒದ್ದಾಡುತ್ತದೆ, ನಡುಕ ಹೆಚ್ಚುತ್ತದೆ. ಒಂದು ಹೊಡೆತಕ್ಕೆ ಒಂದು ಉಸಿರು ಸಾಕು. ಪಿಸ್ತೂಲು ಮೇಜಿನತ್ತ ಇಳಿದು ಲೋಡ್ ಆಗುವಾಗ ಉಸಿರೆಳೆದುಕೊಳ್ಳಿ, ಎತ್ತುತ್ತಾ ಅರ್ಧ ಬಿಡಿ, ಅರ್ಧದಿಂದ ಒಂದು ಸೆಕೆಂಡು ತಡೆದು ಒತ್ತಿ. ತಡೆದ ಉಸಿರಿನಲ್ಲಿ ಗುರಿ ಕೂಡಿಬರಲಿಲ್ಲವಾದರೆ ಒತ್ತಲೇಬೇಕೆಂಬ ಹಟ ಬೇಡ.

ಈ ಲಯಕ್ಕೆ ತಯಾರಿ ಮೇಜಿಗೆ 60 ಮೀಟರ್ ಮೊದಲೇ ಶುರುವಾಗಬೇಕು. ಕಿಲೋಮೀಟರಿಗೆ 3 ನಿಮಿಷ 20 ಸೆಕೆಂಡಿನ ವೇಗದಲ್ಲಿ ಆ ದೂರಕ್ಕೆ 12 ಸೆಕೆಂಡು. ಅಲ್ಲಿ ವೇಗವನ್ನು ನೂರಕ್ಕೆ ಎಂಟರಷ್ಟು ಇಳಿಸಿದರೆ ಕಳೆಯುವುದು ಒಂದು ಸೆಕೆಂಡು. ಆ ಸೆಕೆಂಡಿನ ಬದಲಿಗೆ ಎರಡು ಮೂರು ದೀರ್ಘ ಉಸಿರು ಸಿಗುತ್ತದೆ, ಭುಜ ಸಡಿಲಾಗುತ್ತದೆ. ಒಂದು ತಪ್ಪಿದ ಹೊಡೆತದ ಬೆಲೆಯೇ 2 ಸೆಕೆಂಡು ಎನ್ನುವುದನ್ನು ನೆನಪಿಟ್ಟರೆ ಇದು ಲಾಭದ ವ್ಯಾಪಾರ.

ಸಲಕರಣೆಯಲ್ಲಿ ಹೆಚ್ಚು ಗಮನ ಬೇಡುವುದು ಪಿಸ್ತೂಲಿನ ಹಿಡಿ. ನಿಂತು ಆಡುವ ಶೂಟರ್‌ಗಳು ಅಂಗೈಯ ಕೆಳಗಿನ ಆನಿಕೆ ಹಲಗೆಯನ್ನು ಕೈಗೆ ಒತ್ತಿ ಕೂರುವಂತೆ ಬಿಗಿ ಮಾಡುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಬೆವೆತ, ಬಿಸಿಯಾಗಿ ಉಬ್ಬಿದ ಕೈ ಹಿಡಿಯೊಳಗೆ ಸಲೀಸಾಗಿ ಇಳಿಯುವುದಿಲ್ಲ. ಅರ್ಧಂಬರ್ಧ ಹಿಡಿದೇ ಮೊದಲ ಹೊಡೆತ ಹೋಗುತ್ತದೆ. ಆನಿಕೆಯನ್ನು ಎರಡು ಮೂರು ಮಿ.ಮೀ. ಸಡಿಲ ಬಿಡಿ, ಅದೂ ಓಡಿ ಬಂದ ಕೈಗೆ ಹೊಂದಿಸಿ. ಹಿಡಿಯ ಮರ ನುಣುಪಾಗಿದ್ದರೆ ಬೆವರಿಗೆ ಜಾರುತ್ತದೆ, ಗೀರು ಹಾಕಿಸಿಕೊಳ್ಳಬೇಕು. ಮೇಜಿನ ಮೇಲೆ ಪಿಸ್ತೂಲನ್ನು ಇಟ್ಟುಹೋಗುವ ಭಂಗಿಯೂ ಪ್ರತಿ ಸಲ ಒಂದೇ ಇರಲಿ. ಹಿಡಿ ನಿಮ್ಮ ಕಡೆ, ಮೂತಿ ಗುರಿಯ ಕಡೆ; ಕೈ ಬಂದರೆ ತಾನಾಗಿ ಕೂರಬೇಕು.

ಲೋಡ್ ಮಾಡುವ ಲಿವರನ್ನು ಪೂರ್ತಿ ಎಳೆಯದಿದ್ದರೆ ಟ್ರಿಗರ್ ಸತ್ತಂತಿರುತ್ತದೆ, ಪಿಸ್ತೂಲು ಕೆಟ್ಟಿತೆಂದು ಗಾಬರಿಯಾಗುತ್ತದೆ. ಮೇಜಿಗೆ ತಾಗಿಸದೆ ಗಾಳಿಯಲ್ಲೇ ಲೋಡ್ ಮಾಡಿದರೆ ನಿಯಮಭಂಗ. ಎರಡಕ್ಕೂ ಮದ್ದು ಒಂದೇ: ಬ್ಯಾಟರಿ ಹಾಕದೆಯೂ ಮನೆಯಲ್ಲಿ ದಿನಾ ಐವತ್ತು ಸಲ ತಾಗಿಸು, ಎಳೆ, ಎತ್ತು. ಬ್ಯಾಟರಿಯನ್ನಂತೂ ಸ್ಪರ್ಧೆಯ ಬೆಳಗ್ಗೆ ಹೊಸದು ಹಾಕುವುದೇ ಕ್ಷೇಮ. ಲೇಸರ್‌ಗೆ ಗಾಳಿಯ ಸೆಳೆತವಿಲ್ಲ, ಗುರುತ್ವದ ಇಳಿತವೂ ಇಲ್ಲ, ಆದ್ದರಿಂದ ಸೈಟ್ ಒಮ್ಮೆ ಹೊಂದಿದರೆ ಹೊಂದಿದಂತೆ. ಹಾಗಿದ್ದೂ ಪಿಸ್ತೂಲು ಬಿದ್ದರೆ ಅಥವಾ ಬ್ಯಾಗಿನಲ್ಲಿ ಜಜ್ಜಿದರೆ ಒಳಗಿನ ಲೇಸರ್ ನಳಿಗೆ ಕೂದಲೆಳೆಯಷ್ಟು ತಿರುಗಬಹುದು. ಕೂದಲೆಳೆ ಎಷ್ಟಾಗುತ್ತದೆ ಎಂಬುದನ್ನು ಆಗಲೇ ನೋಡಿದೆವಲ್ಲ.

ಶೂಗಳ ವಿಚಾರದಲ್ಲಿ ಈಗಿನ ದಪ್ಪ ಫೋಮ್ ಅಟ್ಟೆಯ ರೇಸಿಂಗ್ ಶೂಗಳಿಗೆ ನಮ್ಮ ಮತವಿಲ್ಲ. ಓಡುವಾಗ ಪುಟಿದೇಳಿಸುವ ಆ ಮೆತ್ತನೆಯೇ ನಿಂತಾಗ ಹಿಮ್ಮಡಿಯ ಕೆಳಗೆ ಹೊಯ್ದಾಡುತ್ತದೆ. ಮುಳ್ಳಿನ ಸ್ಪೈಕ್ಸ್ ಹಾಕಿದರೆ ಶೂಟಿಂಗ್ ಜಾಗದ ಹಲಗೆ ಅಥವಾ ಕಾಂಕ್ರೀಟಿನ ಮೇಲೆ ಪಾದ ಸಮತಟ್ಟಾಗಿ ಕೂರುವುದಿಲ್ಲ. ತೆಳು ಅಟ್ಟೆಯ, ಹಗುರವಾದ ಶೂ ಸಾಕು. ಹಣೆಗೊಂದು ಬೆವರುಪಟ್ಟಿ ಕಡ್ಡಾಯ. ಮಂಗಳೂರು, ಉಡುಪಿಯ ಕಡೆ ಅಭ್ಯಾಸ ಮಾಡುವವರಿಗೆ ಇದು ಬೆಂಗಳೂರಿನವರಿಗಿಂತ ಬೇಗ ಅರ್ಥವಾಗುತ್ತದೆ, ಏಕೆಂದರೆ ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರದೆ ನೇರ ಕಣ್ಣಿಗಿಳಿಯುತ್ತದೆ. ಕನ್ನಡಕದವರು ಮಬ್ಬು ಕಟ್ಟದ ಲೇಪವನ್ನು ಮೊದಲೇ ಹಚ್ಚಿಕೊಂಡಿರಬೇಕು. ಕಾಫಿ ಓಟವನ್ನು ಚುರುಕು ಮಾಡಬಹುದು, ಕೈನಡುಕವನ್ನೂ ಹೆಚ್ಚಿಸಬಹುದು. ಅಭ್ಯಾಸದ ದಿನ ಕುಡಿಯದ ಲೋಟವನ್ನು ಸ್ಪರ್ಧೆಯ ದಿನ ಮುಟ್ಟಬೇಡಿ.

ತಯಾರಿಯ ಬುನಾದಿ ಓಟವೇ. ವಾರದ ಬಹುಪಾಲು ಮಾತಾಡುತ್ತಾ ಓಡಬಹುದಾದ ನಿಧಾನ ಓಟ, ಎರಡು ದಿನ ಮಾತ್ರ ಬಿರುಸು. ಬಿರುಸಿನ ಒಂದು ದಿನ 600 ಮೀಟರಿನ ಐದಾರು ಓಟ, ನಡುವೆ 15–20 ಸೆಕೆಂಡು ನಿಲ್ಲುವುದು. ಅಡ್ಡಾಡಬಾರದು, ನಿಲ್ಲಲೇಬೇಕು. ಓಡುತ್ತಿದ್ದ ಕಾಲು ತಟ್ಟನೆ ನಿಂತಾಗ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವುದು ನಿಂತು ಕಾಲಲ್ಲೇ ಅದು ಶೇಖರವಾಗುತ್ತದೆ, ಮತ್ತೆ ಹೊರಡುವಾಗ ಕಾಲು ಸೀಸದಂತಾಗುತ್ತದೆ. ದೇಹಕ್ಕೆ ಈ ಅನುಭವ ಹಳತಾಗಬೇಕು. ತೋಳಿಗೆ ಒಂದು ಲೀಟರಿನ ನೀರಿನ ಬಾಟಲಿ ಸಾಕು, ತೂಕ ಹೆಚ್ಚುಕಮ್ಮಿ ಪಿಸ್ತೂಲಿನಷ್ಟೇ. ಮೇಜಿನಿಂದ ಕಣ್ಣಿನ ಮಟ್ಟಕ್ಕೆ ಎತ್ತಿ 2 ಸೆಕೆಂಡು ಹಿಡಿದು ಇಳಿಸುವುದು, ಹತ್ತು ಸಲ. ಒಂದು ನಿಮಿಷ ಬಿಟ್ಟು ಮತ್ತೆ, ಹೀಗೆ ನಾಲ್ಕು ಸುತ್ತು. ಕೊನೆಯ ಸುತ್ತನ್ನು ಓಡಿ ಬಂದ ಕೂಡಲೇ ಮಾಡಿದರೆ ಇನ್ನೂ ಒಳ್ಳೆಯದು.

ಎರಡನ್ನೂ ಕೂಡಿಸುವಾಗ 200 ಮೀಟರಿನ ನಿಧಾನ ಓಟದಿಂದ ಶುರು ಮಾಡಿ, ತಾಗುವ ಪ್ರಮಾಣ ಹತ್ತಕ್ಕೆ ಎಂಟು ಉಳಿದಿರುವವರೆಗೆ ಮಾತ್ರ ವೇಗ ಏರಿಸಿ. ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಸಿಕೊಂಡರೆ ಮೇಜು ಮುಟ್ಟಿದ ಕ್ಷಣದಿಂದ ಮೊದಲ ಹೊಡೆತಕ್ಕೆ ಎಷ್ಟು, ಕೊನೆಯದು ತಾಗಿ ಕಾಲು ಕೀಳಲು ಎಷ್ಟು ಎನ್ನುವುದು ತಿಳಿಯುತ್ತದೆ. ಮೊದಲನೆಯದಕ್ಕೆ 3–4 ಸೆಕೆಂಡು ಕೊಡಬಹುದು. ಅಲ್ಲಿ ಹೆಚ್ಚು ಹಿಡಿದರೆ ದೋಷ ಬಹುಪಾಲು ಪಾದದಲ್ಲಿರುತ್ತದೆ. ಬೆಚ್ಚಗಾಗುವ ಹೊತ್ತಿನಲ್ಲೇ ಮೇಜಿನ ಮುಂದೆ ನಿಂತು, ಕಣ್ಣುಮುಚ್ಚಿ ತೋಳೆತ್ತಿ, ಕಣ್ಣು ತೆರೆದು ನೋಡಿ. ಪಿಸ್ತೂಲು ಗುರಿಯ ಪಕ್ಕಕ್ಕೆ ತೋರಿಸುತ್ತಿದ್ದರೆ ತೋಳನ್ನು ತಿರುಗಿಸದೆ ಹಿಂದಿನ ಪಾದವನ್ನು ಸರಿಸಿ. ನೇರವಾದಾಗ ಪಾದ ಮೇಜಿನ ಕಾಲಿನಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಗುರುತಿಟ್ಟುಕೊಂಡರೆ ಓಡಿ ಬಂದಾಗ ಹುಡುಕುವ ಕೆಲಸ ಉಳಿಯುವುದಿಲ್ಲ.

ಸತತ ಎರಡು ತಪ್ಪಿದವೆಂದರೆ ಮೂರನೆಯದನ್ನು ಅದೇ ಆವೇಶದಲ್ಲಿ ಹಾರಿಸುವುದು ಎಲ್ಲರ ಕೈಗುಣ. ಆಗ ಪಿಸ್ತೂಲನ್ನು ಮೇಜಿನ ಮೇಲೆ ಒರಗಿಸಿ ಪೂರ್ತಿ ಒಂದು ಉಸಿರು ತೆಗೆದುಕೊಳ್ಳಿ, ನಷ್ಟ ಎರಡು ಸೆಕೆಂಡು ಮೀರದು. ಪ್ರತಿ ಹೊಡೆತಕ್ಕೂ ಕಣ್ಣೆತ್ತಿ ದೀಪ ಎಣಿಸುವ ಚಟವೂ ಬೇಡ. ದೂರದಿಂದ ಸೈಟಿಗೆ ಮರಳಿ ಹೊಂದಿಕೊಳ್ಳಲು ಕಣ್ಣಿಗೆ ಪ್ರತಿ ಸಲ ಸಮಯ ಬೇಕು. ಕೆಟ್ಟ ಶೂಟಿಂಗ್‌ನ ಸಿಟ್ಟನ್ನು ಮುಂದಿನ 600 ಮೀಟರಿನ ಮೇಲೆ ತೀರಿಸಿಕೊಂಡರೆ ಮುಂದಿನ ಮೇಜಿನಲ್ಲೂ ಅದೇ ಕಥೆ. ನಾಲ್ಕನೆಯ ಸಲ ಪಿಸ್ತೂಲು ಕೆಳಗಿಟ್ಟ ಮೇಲೆ ಮಾತ್ರ ಉಳಿಸಿಕೊಳ್ಳಲು ಏನೂ ಇರುವುದಿಲ್ಲ. ಮೊದಲ ಇಪ್ಪತ್ತು ಮೀಟರಿನಲ್ಲಿ ಕಾಲಲ್ಲಿ ನಿಂತ ರಕ್ತ ಮತ್ತೆ ಹರಿಯಲು ಬಿಟ್ಟು, ಆಮೇಲೆ ಮೈಯಲ್ಲಿರುವಷ್ಟನ್ನೂ ಖರ್ಚು ಮಾಡಬಹುದು.