‘ಕೆಜಿ’ ಅನ್ನೋ ಎರಡಕ್ಷರದ ಹಿಂದೆ ಒಂದು ತೋಟ ಇತ್ತು

ನನ್ನ ತಂಗಿ ಮಗಳು ಈಗ ಎಲ್‌ಕೆಜಿ. ಮೊನ್ನೆ ರಾತ್ರಿ ಒಂಬತ್ತು ಗಂಟೆಗೆ ಅವರ ಮನೆಗೆ ಹೋದ್ರೆ ಮಗು ನಾಲ್ಕು ಗೆರೆ ಪುಸ್ತಕ ಇಟ್ಕೊಂಡು ಸ್ಮಾಲ್ ‘ಜಿ’ ಬರೀತಾ ಕೂತಿತ್ತು, ಬಾಲ ಕೆಳಗಿನ ಗೆರೆ ದಾಟಬಾರ್ದು ಅಂತ ಪೆನ್ಸಿಲ್ ಒತ್ತಿ ಒತ್ತಿ ಬರೆದು ಹಾಳೆಯ ಹಿಂದುಗಡೆ ಮುಟ್ಟಿದ್ರೆ ಅಕ್ಷರ ಉಬ್ಬಿರೋದು ಕೈಗೆ ಸಿಗ್ತಿತ್ತು, ಇನ್ನೂ ಎರಡು ಸಾಲು ಬಾಕಿ, ಕಣ್ಣು ಎಳೀತಿತ್ತು. ಎಲ್‌ಕೆಜಿ ಅಂದ್ರೆ ಏನೇ ಅಂತ ತಂಗಿನ ಕೇಳ್ದೆ. ಲೋವರ್ ಕಿಂಡರ್‌ಗಾರ್ಟನ್ ಅಲ್ವೇನೋ ಅಂದ್ಲು. ಹಂಗಂದ್ರೆ? ಅದಕ್ಕೆ ಅವಳ ಹತ್ರ ಉತ್ತರ ಇರ್ಲಿಲ್ಲ. ದಿನಕ್ಕೆ ಹತ್ತು ಸಲ ನಾವೆಲ್ಲ ಹೇಳೋ ಪದ, ಅದರ ಒಳಗೆ ಏನಿದೆ ಅಂತ ಯಾರೂ ನೋಡಿರಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಇಂಗ್ಲಿಷ್ ಪದ ಅಂತ ನಾವು ಅಂದ್ಕೊಂಡಿದೀವಿ, ಆದ್ರೆ ಹುಟ್ಟಿದ್ದು ಜರ್ಮನ್‌ನಲ್ಲಿ. ಕಿಂಡರ್ ಅಂದ್ರೆ ಮಕ್ಕಳು, ಗಾರ್ಟನ್ ಅಂದ್ರೆ ತೋಟ. ಆ ಹೆಸರು ಇಟ್ಟಿದ್ದು ಫ್ರೆಡ್ರಿಕ್ ಫ್ರೋಬೆಲ್, 1782ರಲ್ಲಿ ಜರ್ಮನಿಯ ಥುರಿಂಗಿಯಾದಲ್ಲಿ ಹುಟ್ಟಿದವರು. ಕೂಸಾಗಿದ್ದಾಗಲೇ ತಾಯಿ ಹೋದ್ರು, ಹುಡುಗನಾಗಿ ಅರಣ್ಯಾಧಿಕಾರಿಯೊಬ್ಬರ ಕೈಕೆಳಗೆ ಕೆಲಸ ಕಲಿತ್ರು, ಆಮೇಲೆ ಸ್ವಿಟ್ಜರ್ಲೆಂಡಿಗೆ ಹೋಗಿ ಪೆಸ್ಟಲೋಜಿ ಅನ್ನೋ ಶಿಕ್ಷಣ ತಜ್ಞರ ಹತ್ರ ಪಾಠ ಹೇಳೋದು ಹೇಗೆ ಅಂತ ನೋಡ್ಕೊಂಡು ಬಂದ್ರು. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಅನ್ನೋ ಸಣ್ಣ ಊರಲ್ಲಿ ಪುಟ್ಟ ಮಕ್ಕಳಿಗೆ ಅಂತ ಒಂದು ಜಾಗ ಶುರು ಮಾಡಿದ್ರು, ಆದ್ರೆ ಏನಂತ ಕರೀಬೇಕು ಅನ್ನೋದೇ ಹೊಳೀಲಿಲ್ಲ. ಒಂದಿನ ಗೆಳೆಯರ ಜೊತೆ ಬೆಟ್ಟದ ದಾರೀಲಿ ನಡ್ಕೊಂಡು ಬರ್ತಾ ಇದ್ದಾಗ ಇದ್ದಕ್ಕಿದ್ದಂಗೆ ನಿಂತು ‘ಸಿಕ್ತು, ಕಿಂಡರ್‌ಗಾರ್ಟನ್’ ಅಂತ ಕೂಗಿದ್ರು ಅಂತ ಜೊತೆಗಿದ್ದ ಬಾರೋಪ್ ಬರೆದಿಟ್ಟಿದಾರೆ. 1840ರಿಂದ ಅದೇ ಹೆಸರು.

ಆ ಹೆಸರಲ್ಲಿ ಸ್ಕೂಲ್ ಅನ್ನೋ ಮಾತೇ ಇಲ್ಲ, ಇದನ್ನ ಸ್ವಲ್ಪ ಗಮನಿಸ್ಬೇಕು. ಮಗು ಅನ್ನೋದು ಸಸಿ, ಕಲಿಸೋರು ತೋಟ ನೋಡ್ಕೊಳ್ಳೋರು, ನೀರು ಹಾಕ್ಬೋದು ಬಿಸಿಲು ಬೀಳೋ ಹಂಗೆ ಮಾಡ್ಬೋದು, ಬೆಳೆಯೋದು ಮಾತ್ರ ಗಿಡದ ಕೆಲಸ ಅನ್ನೋ ನಂಬಿಕೆ ಅವರದ್ದು. ಜೊತೆಗೆ ನಿಜವಾದ ತೋಟನೂ ಇರ್ಬೇಕು ಅಂದ್ರು, ಒಂದೊಂದು ಮಗುವಿಗೂ ಅದರದ್ದೇ ಒಂದು ಪುಟ್ಟ ಮಡಿ, ಸುತ್ತ ಎಲ್ಲರೂ ಸೇರಿ ನೋಡ್ಕೊಳ್ಳೋ ಮಡಿಗಳು. ಒಳಗೆ ಆಡೋಕೆ ‘ಉಡುಗೊರೆ’ ಅಂತ ಅವರು ಕರೀತಿದ್ದ ಸಾಮಾನು. ಮೊದಲನೇದು ದಾರ ಕಟ್ಟಿದ ಆರು ಉಲ್ಲನ್ ಚೆಂಡು, ಒಂದೊಂದೂ ಒಂದೊಂದು ಬಣ್ಣ. ಆಮೇಲೆ ಮರದ ಗುಂಡು, ಸಿಲಿಂಡರ್, ಚೌಕದ ದಿಮ್ಮಿ. ಮೂರನೇದು ಎಂಟು ತುಂಡಾಗಿ ಬಿಡಿಸಿ ಮತ್ತೆ ಜೋಡಿಸೋ ಒಂದು ದೊಡ್ಡ ದಿಮ್ಮಿ. ಇವುಗಳ ಜೊತೆ ಕಾಗದ ಮಡಚೋದು, ಕಾಗದದ ಪಟ್ಟಿಗಳಿಂದ ಚಾಪೆ ಹೆಣೆಯೋದು, ನೆನೆಸಿದ ಬಟಾಣಿಗೆ ಸಣ್ಣ ಕಡ್ಡಿ ಚುಚ್ಚಿ ಮನೆ ಕಟ್ಟೋದು. ಅಮೆರಿಕದ ದೊಡ್ಡ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್, ಚಿಕ್ಕಂದಿನಲ್ಲಿ ಅಮ್ಮ ತಂದುಕೊಟ್ಟ ಈ ಮರದ ದಿಮ್ಮಿಗಳು ತನ್ನ ಬೆರಳಲ್ಲೇ ಉಳ್ಕೊಂಡ್ವು ಅನ್ನೋ ಅರ್ಥದಲ್ಲಿ ಬರ್ಕೊಂಡಿದಾರೆ.

1851ರಲ್ಲಿ ಆಗಿನ ದೊಡ್ಡ ಜರ್ಮನ್ ರಾಜ್ಯ ಪ್ರಷ್ಯಾದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ಬ್ಯಾನ್ ಮಾಡ್ತು. ದೇವರಿಲ್ಲ ಅನ್ನೋದನ್ನ, ಸಮಾಜವಾದನ ಮಕ್ಕಳ ತಲೆಗೆ ತುಂಬ್ತಾರೆ ಅನ್ನೋ ಆರೋಪ, ಅದರಲ್ಲಿ ಅಣ್ಣನ ಮಗ ಕಾರ್ಲ್ ಬರೆದಿದ್ದನ್ನ ಇವರದ್ದು ಅಂತ ತಪ್ಪು ತಿಳ್ಕೊಂಡಿದ್ದೂ ಸೇರಿತ್ತು. ಮರುವರ್ಷವೇ ಫ್ರೋಬೆಲ್ ತೀರ್ಕೊಂಡ್ರು, ನಿಷೇಧ ತೆಗೆದಿದ್ದು 1860ರಲ್ಲಿ. ಆದ್ರೆ ಅಷ್ಟರಲ್ಲಿ ದೇಶ ಬಿಟ್ಟು ಹೋದ ಜರ್ಮನ್ನರ ಜೊತೆ ಪದನೂ ಹಡಗು ಹತ್ತಿತ್ತು. 1851ರಲ್ಲಿ ಲಂಡನ್‌, 1856ರಲ್ಲಿ ಅಮೆರಿಕದ ವಾಟರ್‌ಟೌನ್‌ನಲ್ಲಿ ಮಾರ್ಗರೆಟ್ ಶುರ್ಜ್ ಮನೇಲಿ ಜರ್ಮನ್ ಭಾಷೇಲೇ ನಡೆಸಿದ್ದು, 1860ರಲ್ಲಿ ಬೋಸ್ಟನ್‌ನಲ್ಲಿ ಎಲಿಜಬೆತ್ ಪೀಬಾಡಿ ಇಂಗ್ಲಿಷಲ್ಲಿ ಶುರು ಮಾಡಿದ್ದು. ಫ್ರೆಂಚರು, ಸ್ಪೇನಿನವರು ಪದನ ತಮ್ಮ ಭಾಷೆಗೆ ‘ಮಕ್ಕಳ ತೋಟ’ ಅಂತಲೇ ತಿರುಗಿಸ್ಕೊಂಡ್ರು, ಇಂಗ್ಲಿಷ್‌ನವರು ಹಂಗೇ ಎತ್ಕೊಂಡ್ರು, ಹಾಗಾಗಿ ಇಂಗ್ಲಿಷ್ ಆಡೋರ ಕಿವಿಗೆ ಅರ್ಥ ಮೊದಲಿನಿಂದಲೇ ಸ್ವಲ್ಪ ಮಸುಕು.

ನನಗೆ ಅನ್ಸೋ ಪ್ರಕಾರ ಪದ ನಿಜವಾಗಿ ತಿರುಗಿದ್ದು 1873ರಲ್ಲಿ, ಸೇಂಟ್ ಲೂಯಿಸ್ ಊರಲ್ಲಿ ಸೂಸನ್ ಬ್ಲೋ ಅದನ್ನ ಸರ್ಕಾರಿ ಸ್ಕೂಲಿನ ಒಳಗೇ ತಂದಾಗ. ಬಡವರ ಮಕ್ಕಳಿಗೂ ಸಿಕ್ತು, ಅದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸ್ಕೂಲ್ ಅಲ್ಲದ್ದು ಸ್ಕೂಲಿನ ಮೊದಲ ಮೆಟ್ಟಿಲಾಯ್ತು. ಇವತ್ತು ಅಮೆರಿಕದಲ್ಲಿ ಅದು ಐದು ವರ್ಷದ ಮಕ್ಕಳ ಒಂದು ಕ್ಲಾಸು, ‘ಕೆ ಟು ಟ್ವೆಲ್ವ್’ ಅನ್ನೋದ್ರಲ್ಲಿ ಬರೀ ಒಂದು ಕೆ. ಆಸ್ಟ್ರೇಲಿಯಾ ಒಳಗೇ ವಿಕ್ಟೋರಿಯಾದಲ್ಲಿ ಸ್ಕೂಲಿಗೆ ಮುಂಚಿನದ್ದು, ನ್ಯೂ ಸೌತ್ ವೇಲ್ಸ್‌ನಲ್ಲಿ ಸ್ಕೂಲಿನ ಮೊದಲನೇ ವರ್ಷವೇ ಕಿಂಡರ್‌ಗಾರ್ಟನ್. ಜರ್ಮನಿಯಲ್ಲಿ ಇವತ್ತಿಗೂ ಮೂರರಿಂದ ಆರು ವರ್ಷ, ಓದು ಬರಹ ಶುರು ಆಗೋದು ಒಂದನೇ ಕ್ಲಾಸಿಗೆ ಹೋದ್ಮೇಲೆ. ಮ್ಯೂನಿಕ್‌ನಲ್ಲಿರೋ ನನ್ನ ಫ್ರೆಂಡು ಮೊದಲು ಗಾಬರಿ ಆಗಿದ್ದ, ಮಗನಿಗೆ ಐದಾಯ್ತು ಇನ್ನೂ ಎಬಿಸಿಡಿ ಇಲ್ಲ, ದಿನಾ ಮಣ್ಣು ಮೆತ್ಕೊಂಡು ಬರ್ತಾನೆ ಅಂತ.

ನಮ್ಮಲ್ಲಿಗೆ ಇಂಗ್ಲಿಷ್ ಶಿಕ್ಷಣದ ಜೊತೆ ಬಂದಿದ್ದು ಎರಡು ಭಾಗ ಆಯ್ತು, ಲೋವರ್ ಮತ್ತು ಅಪ್ಪರ್. ತೋಟದಲ್ಲಿ ಮೇಲಿನದ್ದು ಕೆಳಗಿನದ್ದು ಏನು ಬಂತು ಅಂತ ಯೋಚನೆ ಮಾಡಿದ್ರೇ ಗೊತ್ತಾಗುತ್ತೆ ಪದ ಎಷ್ಟು ದೂರ ಬಂದಿದೆ ಅಂತ. ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಆರು ವರ್ಷ ಆಗಿರ್ಬೇಕು ಅನ್ನೋ ರೂಲ್ ಬಂದಾಗ ಎಷ್ಟೋ ಅಪ್ಪ ಅಮ್ಮಂದಿರು ಒದ್ದಾಡಿದ್ರು, 2025-26ಕ್ಕೆ ಮಾತ್ರ ಅಂತ ಸರ್ಕಾರ 5 ವರ್ಷ 5 ತಿಂಗಳಿಗೆ ಇಳಿಸ್ತು, ಆದ್ರೆ ಮಗು ಯುಕೆಜಿ ಮುಗಿಸಿರ್ಬೇಕು ಅನ್ನೋ ಷರತ್ತು ಹಾಕಿ. ಅಂದ್ರೆ ಆ ಪದ ಈಗ ಒಂದು ಕ್ವಾಲಿಫಿಕೇಶನ್.

ಇನ್ನೊಂದು ಕಡೆ ನಮ್ಮವೇ ಪದಗಳು ಇದ್ವು. ಹಳೇ ಬಡಾವಣೆಗಳಲ್ಲಿ ಶಿಶುವಿಹಾರ, ಆಮೇಲೆ ಬಾಲವಾಡಿ. ವಾಡಿ ಅಂದ್ರೆ ಮರಾಠಿ, ಗುಜರಾತಿಯಲ್ಲಿ ತೋಟ ಅನ್ನೋ ಅರ್ಥನೂ ಇದೆ. ತಾರಾಬಾಯಿ ಮೋಡಕ್ ಅವರು ಮಹಾರಾಷ್ಟ್ರದ ಬೋರ್ಡಿ, ಕೋಸ್ಬಾಡ್ ಕಡೆ, ಬಾಲವಾಡಿಗೆ ಬರೋಕೆ ಆಗದ ಮಕ್ಕಳ ಅಂಗಳಕ್ಕೇ ಅದನ್ನ ತಗೊಂಡು ಹೋದ್ರು, ಅದೇ ಅಂಗನವಾಡಿ. 1975ರ ಅಕ್ಟೋಬರ್ 2ಕ್ಕೆ ಕೇಂದ್ರ ಸರ್ಕಾರದ ಐಸಿಡಿಎಸ್ ಅನ್ನೋ ಮಕ್ಕಳ ಅಭಿವೃದ್ಧಿ ಯೋಜನೆ ಶುರುವಾದ್ಮೇಲೆ ಆ ಹೆಸರು ಊರೂರಿಗೂ ಬಂತು. ಫ್ರೋಬೆಲ್ ಇಟ್ಟ ಹೆಸರಿಗೆ ಅರ್ಥದಲ್ಲಿ ತೀರಾ ಹತ್ತಿರ ಇರೋದು ನಮ್ಮೂರ ಅಂಗನವಾಡಿನೇ. ಆದ್ರೂ ಜನ ಅದನ್ನ ದಾಟಿ ವ್ಯಾನ್ ಹತ್ತಿಸಿ ಎಲ್‌ಕೆಜಿಗೆ ಕಳಿಸ್ತಾರೆ, ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ಯುಕೆಜಿ ತೆಗೀತೀವಿ ಅಂದಾಗ ನಮ್ಮ ಮಕ್ಕಳೆಲ್ಲ ಹೋಗ್ಬಿಡ್ತಾರೆ ಅಂತ 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದ್ರು, ಅವರ ಬೇಡಿಕೆ ಏನಂದ್ರೆ ಆ ಎಲ್‌ಕೆಜಿನ ನಮ್ಮಲ್ಲೇ ಮಾಡಿ ಅಂತ. ಮೂವತ್ತು ವರ್ಷ ಊರ ಮಕ್ಕಳನ್ನ ನೋಡ್ಕೊಂಡೋರು ಇವತ್ತು ಆ ಮೂರು ಇಂಗ್ಲಿಷ್ ಅಕ್ಷರ ನಮ್ಮ ಬೋರ್ಡಿಗೂ ಬೇಕು ಅಂತ ಕೇಳೋ ಹಂಗಾಯ್ತಲ್ಲ, ಅದು ನನಗೆ ತುಂಬಾ ನೋವಾಗೋ ವಿಷಯ.

ಹೋದ ಭಾನುವಾರ ತಂಗಿ ಮಗಳಿಗೆ ಅಂತ ಒಂದು ಹಿಡಿ ಬಟಾಣಿ ರಾತ್ರಿನೇ ನೆನೆಹಾಕಿದ್ದೆ, ಟೂತ್‌ಪಿಕ್ ಡಬ್ಬಿ ಒಂದು ಇತ್ತು. ಅವಳು ಒಂದು ಗಂಟೆ ತಲೆ ಎತ್ಲಿಲ್ಲ. ಮೊದಲು ಚೌಕ ಮಾಡಿದ್ಲು, ಅದು ವಾಲಿ ವಾಲಿ ಬೀಳ್ತಿತ್ತು, ಆಮೇಲೆ ಅಡ್ಡಕ್ಕೆ ಒಂದು ಕಡ್ಡಿ ಕೊಟ್ಲು, ನಿಂತ್ಕೊಳ್ತು, ನಾನೇನೂ ಹೇಳ್ಕೊಟ್ಟಿರ್ಲಿಲ್ಲ. ಟಿವಿ ಪಕ್ಕ ಇಟ್ಟಿದ್ರು. ಎರಡು ದಿನ ಬಿಟ್ಟು ನೋಡಿದ್ರೆ ಬಟಾಣಿ ಒಣಗಿ ಕಲ್ಲಾಗಿ ಕಡ್ಡಿನ ಬಿಗಿಯಾಗಿ ಹಿಡ್ಕೊಂಡಿತ್ತು, ಎತ್ತಿ ಅಲ್ಲಾಡಿಸಿದ್ರೂ ಮನೆ ಬಿಚ್ಕೊಳ್ಳಲಿಲ್ಲ.