ಗೊಡ್ಡು ಹಸುವಿನ ಲೆಕ್ಕ ಯಾರ ಪುಸ್ತಕದಲ್ಲಿದೆ?

ಮೇದು ಬಂದ ಹಸು ನೆರಳಲ್ಲಿ ಮಲಗಿ ಮೆಲುಕು ಹಾಕುವುದನ್ನು ಹತ್ತಿರ ಕೂತು ನೋಡಿ. ಕತ್ತಿನುದ್ದಕ್ಕೂ ಒಂದು ಉಂಡೆ ಮೇಲೇರುತ್ತದೆ. ದವಡೆ ಪಕ್ಕಕ್ಕೆ ಆಡುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಉಂಡೆ ಕೆಳಗಿಳಿಯುವುದೂ ಕಾಣುತ್ತದೆ. ನಡುನಡುವೆ ಸದ್ದಿಲ್ಲದ ಒಂದು ತೇಗು. ದನದ ಮಾಂಸದ ಉದ್ಯಮದ ದೊಡ್ಡ ತಲೆನೋವು ಆ ತೇಗಿನಲ್ಲಿದೆ.

ಹುಲ್ಲಿನ ನಾರನ್ನು ನಾವು ಅರಗಿಸಿಕೊಳ್ಳಲಾರೆವು. ನಿಜ ಹೇಳಬೇಕೆಂದರೆ ಹಸುವೂ ತಾನೊಂದೇ ಅರಗಿಸಿಕೊಳ್ಳಲಾರದು. ಅದರ ಹೊಟ್ಟೆಗೆ ನಾಲ್ಕು ಕೋಣೆಗಳು. ಮೊದಲನೆಯದಾದ ರೂಮೆನ್ ಸೂಕ್ಷ್ಮಜೀವಿಗಳು ತುಂಬಿದ ದೊಡ್ಡ ತೊಟ್ಟಿ. ಅವು ನಾರನ್ನು ಒಡೆದು ಹಸುವಿಗೆ ಶಕ್ತಿ ಕೊಡುವ ಆಮ್ಲಗಳನ್ನು ಮಾಡುತ್ತವೆ. ಆಗ ಹೈಡ್ರೋಜನ್ ಉಳಿಯುತ್ತದೆ. ಆರ್ಕಿಯಾ ಎಂಬ ಇನ್ನೊಂದು ಬಗೆಯ ಜೀವಿಗಳು ಅದನ್ನು ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡುತ್ತವೆ. ಈ ಅನಿಲ ಬಹುಪಾಲು ಬಾಯಿಯಿಂದಲೇ ಹೊರಬೀಳುತ್ತದೆ, ಜನ ಅಂದುಕೊಂಡ ಹಾಗೆ ಹಿಂದಿನಿಂದ ಅಲ್ಲ. ಬೆಳೆದ ಹಸು ವರ್ಷಕ್ಕೆ ಸುಮಾರು 70ರಿಂದ 120 ಕಿಲೊ ಮೀಥೇನ್ ಬಿಡುತ್ತದೆ. ಗಾಳಿಯಲ್ಲಿ ಅದು ಉಳಿಯುವುದು ಸುಮಾರು 12 ವರ್ಷ ಅಷ್ಟೇ. ಆದರೂ 100 ವರ್ಷದ ಲೆಕ್ಕ ಹಿಡಿದರೆ, ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗೆ ಹೋಲಿಸಿದಾಗ ಸುಮಾರು 27 ಪಟ್ಟು ಬಿಸಿ ಏರಿಸುತ್ತದೆ.

ಉದ್ಯಮಕ್ಕೆ ಇದು ಗೊತ್ತಿಲ್ಲದ ವಿಷಯವಲ್ಲ. ಸುಸ್ಥಿರ ದನದ ಮಾಂಸಕ್ಕೆಂದೇ 2012ರಲ್ಲಿ ಜಾಗತಿಕ ದುಂಡುಮೇಜಿನ ಸಂಘಟನೆಯೊಂದು ಹುಟ್ಟಿತು. ಅದರ ಅಮೆರಿಕದ ಬಳಗ ಆರು ವಿಷಯಗಳನ್ನು ಮುಖ್ಯವೆಂದು ಆರಿಸಿಕೊಂಡಿದೆ: ಗಾಳಿ ಮತ್ತು ಹಸಿರುಮನೆ ಅನಿಲ, ನೆಲ, ನೀರು, ದನಗಳ ಆರೋಗ್ಯ, ಕೆಲಸಗಾರರ ಸುರಕ್ಷತೆ, ಇಳುವರಿ. ಇನ್ನು ಒಂದೊಂದು ಕಂಪನಿಯೂ ತನ್ನದೇ ಪಟ್ಟಿ ಮಾಡಿಕೊಳ್ಳುತ್ತದೆ. ಸಾಕುವವರು, ಪಶುವೈದ್ಯರು, ವ್ಯಾಪಾರಿಗಳು, ಬಂಡವಾಳ ಹಾಕಿದವರು, ಪರಿಸರದವರು, ಎಲ್ಲರಿಗೂ ಯಾವ ವಿಷಯ ಎಷ್ಟು ಮುಖ್ಯ ಅಂತ ಪ್ರಶ್ನೆ ಕಳಿಸುತ್ತಾರೆ. ಬಂದ ಅಂಕಗಳನ್ನು ಒಂದು ಚಾರ್ಟಿನಲ್ಲಿ ಹಾಕುತ್ತಾರೆ. ಮೇಲಿನ ಬಲಮೂಲೆಗೆ, ಅಂದರೆ ಅತಿ ಹೆಚ್ಚು ಅಂಕದ ಜಾಗಕ್ಕೆ ಬಂದದ್ದೇ ಆದ್ಯತೆ.

ಇಲ್ಲಿ ನನಗೊಂದು ತಕರಾರಿದೆ. ಯಾರನ್ನು ಕೇಳಿದಿರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ, ಅಲ್ವಾ? ಅಂಗಡಿಯವರಿಗೆ ಕಣ್ಣೆದುರು ಕಾಣುವುದು ಪ್ಲಾಸ್ಟಿಕ್ ಹೊದಿಕೆ. ಪಶುವೈದ್ಯರಿಗೆ ಆಂಟಿಬಯೋಟಿಕ್ ಚಿಂತೆ. ಕಸಾಯಿಖಾನೆಯ ತಣ್ಣನೆ ಕೋಣೆಯಲ್ಲಿ ದಿನವಿಡೀ ಒಂದೇ ಬಗೆಯಲ್ಲಿ ಚಾಕು ಆಡಿಸುವವರಿಗೆ ಮಣಿಕಟ್ಟಿನ ನೋವು. ಇವೆಲ್ಲ ನಿಜವಾದ ಕಷ್ಟಗಳೇ, ಒಂದನ್ನೂ ತಳ್ಳಿಹಾಕುವಂತಿಲ್ಲ. ಆದರೆ ಯಾವುದು ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಅಭಿಪ್ರಾಯ ಕೇಳಿದರೆ ಸಾಲದು, ಅಳೆಯಬೇಕು. ಕರು ಹುಟ್ಟಿದಲ್ಲಿಂದ ಮಾಂಸ ತಟ್ಟೆಗೆ ಬರುವವರೆಗೂ ಬೆನ್ನು ಹತ್ತಿ ಹೋಗಿ ಲೆಕ್ಕ ಹಾಕಬೇಕು.

ಹಾಗೆ ಹಾಕಿದ ಲೆಕ್ಕವೊಂದು 2010ರಲ್ಲಿ ಪಶ್ಚಿಮ ಕೆನಡಾದಿಂದ ಬಂತು. ಅಲ್ಲಿನ ಪದ್ಧತಿಯಲ್ಲಿ ಕರುಗಳು ಹುಲ್ಲುಗಾವಲಿನಲ್ಲಿ ಹುಟ್ಟುತ್ತವೆ, ಕೊನೆಯ ಕೆಲವು ತಿಂಗಳು ದೊಡ್ಡ ಕೊಟ್ಟಿಗೆಗಳಲ್ಲಿ ಕಾಳು ತಿಂದು ಕೊಬ್ಬುತ್ತವೆ. ಟೀಕೆಯೆಲ್ಲ ಸಾಮಾನ್ಯವಾಗಿ ಬೀಳುವುದು ಆ ಕಾಳಿನ ಕೊಟ್ಟಿಗೆಯ ಮೇಲೆ. ಆದರೆ ಒಟ್ಟು ಹಸಿರುಮನೆ ಅನಿಲದಲ್ಲಿ ಅದರ ಪಾಲು ಸುಮಾರು 20 ಶೇಕಡಾ ಮಾತ್ರ. ಉಳಿದ 80 ಶೇಕಡಾ ತಾಯಿ ಹಸು ಮತ್ತು ಕರುಗಳ ಮಂದೆಯಿಂದ ಬಂದಿತ್ತು.

ಯಾಕೆ ಹೀಗೆ? ಹಸುವಿನ ಗಬ್ಬ ಒಂಬತ್ತು ತಿಂಗಳು. ಎಲ್ಲ ಸರಿಹೋದರೆ ವರ್ಷಕ್ಕೊಂದು ಕರು. ಆ ಒಂದು ಕರುವಿಗಾಗಿ ತಾಯಿ ವರ್ಷವಿಡೀ ಮೇಯಬೇಕು, ವರ್ಷವಿಡೀ ತೇಗಬೇಕು. ಒಂದು ಉದಾಹರಣೆ ನೋಡೋಣ. 100 ಹಸುಗಳ ಮಂದೆ, ಒಂದೊಂದು ಹಸು ವರ್ಷಕ್ಕೆ 90 ಕಿಲೊ ಮೀಥೇನ್ ಬಿಡುತ್ತದೆ ಅಂತಿಟ್ಟುಕೊಳ್ಳಿ. ಒಟ್ಟು 9,000 ಕಿಲೊ. 90 ಕರುಗಳು ಬದುಕಿ ಬೆಳೆದರೆ ಒಂದು ಕರುವಿನ ಪಾಲಿಗೆ 100 ಕಿಲೊ. 75 ಕರುಗಳೇ ಉಳಿದರೆ ಅದು 120 ಕಿಲೊ ಆಗುತ್ತದೆ. ಗಬ್ಬ ನಿಲ್ಲದ ಹಸು, ಹುಟ್ಟಿದ ವಾರದಲ್ಲೇ ಭೇದಿಯಾಗಿ ಸತ್ತ ಕರು, ಎರಡೂ ಇದರಲ್ಲಿ ಸೇರಿವೆ. ಕರುವಿನ ಸಾವು ಸಾಕುವವರಿಗೆ ಸಂಕಟ, ದನಕ್ಕೆ ಸಂಕಟ, ಗಾಳಿಗೂ ಭಾರ. ಇಷ್ಟು ಸಂಗತಿಗಳು ಒಟ್ಟಿಗೆ ಸರಿಹೋಗುವ ಜಾಗ ಈ ಉದ್ಯಮದಲ್ಲಿ ಇನ್ನೊಂದು ಸಿಗುವುದು ಕಷ್ಟ.

ಅದಕ್ಕೆ ಬೇಕಾದ ಸಾಧನಗಳೂ ದುಬಾರಿಯಲ್ಲ. ಪಶುವೈದ್ಯರು ಭುಜದವರೆಗೆ ಕೈಗವಸು ಹಾಕಿ, ಹಸುವಿನ ಹಿಂದೆ ನಿಂತು, ಗುದದ್ವಾರದಿಂದ ಕೈ ತೂರಿಸಿ ಗರ್ಭಕೋಶವನ್ನು ಮುಟ್ಟಿ ನೋಡುತ್ತಾರೆ. ಅನುಭವಸ್ಥರ ಬೆರಳಿಗೆ ಎರಡು ತಿಂಗಳೊಳಗೇ ಗಬ್ಬ ತಿಳಿಯುತ್ತದೆ. ಮೇವು, ಲಸಿಕೆ, ಸರಿಯಾದ ಹೊತ್ತಿಗೆ ಈ ಪರೀಕ್ಷೆ. ಸುದ್ದಿಯಾಗುವುದು ಮಾತ್ರ ಬೇರೆ. ಮೇವಿಗೆ ಬೆರೆಸಿದರೆ ಮೀಥೇನ್ ತಗ್ಗಿಸುವ ಪುಡಿಗೆ 2022ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಅದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ದಿನವೂ ಹೊಟ್ಟೆಗೆ ಹೋಗಬೇಕು. ದೂರದ ಬಯಲಲ್ಲಿ ಮೇಯುವ ತಾಯಿ ಹಸುವಿಗೆ ದಿನಾ ಪುಡಿ ತಿನ್ನಿಸುವವರು ಯಾರು?

ನೀರಿನ ಬಗ್ಗೆಯೂ ಒಂದು ಮಾತು. ಕಿಲೊ ಮಾಂಸಕ್ಕೆ 15,400 ಲೀಟರ್ ಅನ್ನುವ ಅಂಕಿ ಎಲ್ಲ ಕಡೆ ಓಡಾಡುತ್ತದೆ. ಅದರಲ್ಲಿ 90 ಶೇಕಡಾಕ್ಕಿಂತ ಜಾಸ್ತಿ ಹುಲ್ಲು ಮತ್ತು ಬೆಳೆಯ ಮೇಲೆ ಬಿದ್ದ ಮಳೆನೀರು. ಸುಮ್ನೆ ಆ ಅಂಕಿ ಹೇಳಿ ಹೆದರಿಸುವುದಕ್ಕಿಂತ, ಬತ್ತುತ್ತಿರುವ ನದಿಯಿಂದ ಮೇವಿಗೆ ಎಷ್ಟು ನೀರು ಎತ್ತುತ್ತಾರೆ ಅಂತ ಕೇಳಬೇಕು.

ಮೀಥೇನಿನಷ್ಟೇ ತೂಕದ ಇನ್ನೊಂದು ಸಂಗತಿ ನೆಲ. ಆಹಾರದ ಬಗ್ಗೆ 2018ರಲ್ಲಿ ಬಂದ ದೊಡ್ಡ ಅಧ್ಯಯನವೊಂದು 119 ದೇಶಗಳ ಸುಮಾರು 38,700 ಜಮೀನುಗಳ ಮಾಹಿತಿ ಕೂಡಿಹಾಕಿತು. ಮಾಂಸಕ್ಕೆಂದೇ ಸಾಕಿದ ದನಗಳಲ್ಲಿ 100 ಗ್ರಾಂ ಪ್ರೋಟೀನಿಗೆ ಸರಾಸರಿ ಸುಮಾರು 50 ಕಿಲೊ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಅನಿಲ. ಆದರೆ ಕೆಲವು ಕಡೆ ಅದು 20ರ ಆಸುಪಾಸು, ಕೆಲವು ಕಡೆ 100 ದಾಟುತ್ತದೆ. ಇಷ್ಟು ಅಂತರ ಬರಲು ಒಂದು ದೊಡ್ಡ ಕಾರಣ ಕಾಡು ಕಡಿಯುವುದು. ಅಮೆಜಾನ್‌ನಲ್ಲಿ ಕಡಿದ ಕಾಡಿನ ಬಹುಪಾಲು ಹುಲ್ಲುಗಾವಲಾಗಿದೆ. 2009ರಲ್ಲಿ ಬ್ರೆಜಿಲ್‌ನ ದೊಡ್ಡ ಮಾಂಸ ಕಂಪನಿಗಳು ಹೊಸದಾಗಿ ಕಾಡು ಕಡಿದವರಿಂದ ದನ ಕೊಳ್ಳುವುದಿಲ್ಲ ಎಂದು ಮಾತು ಕೊಟ್ಟವು. ತಮಗೆ ನೇರವಾಗಿ ಮಾರುವವರನ್ನು ಪರೀಕ್ಷಿಸಿದವು. ಆದರೆ ಕರು ಹುಟ್ಟುವುದು ಒಬ್ಬರ ಜಮೀನಿನಲ್ಲಿ, ಬೆಳೆಯುವುದು ಇನ್ನೊಬ್ಬರಲ್ಲಿ, ಕೊಬ್ಬುವುದು ಮತ್ತೊಬ್ಬರಲ್ಲಿ. ಕೊನೆಯವರ ಕಾಗದ ಶುದ್ಧವಾಗಿದ್ದರೆ ಸಾಕಾಗಿತ್ತು. ಹುಟ್ಟಿದ ಜಾಗ ಕಾಡು ಕಡಿದದ್ದೋ ಅಲ್ಲವೋ ಕೇಳುವವರಿರಲಿಲ್ಲ.

ಗೊಡ್ಡು ಹಸು ನಿಂತಿರುವುದೂ ಆ ಜಾಗದಲ್ಲೇ. ಕಂಪನಿಯ ವರದಿಯಲ್ಲಿ ಹೊದಿಕೆಯ ತೂಕ ಕಿಲೊ ಲೆಕ್ಕದಲ್ಲಿ ಸಿಗುತ್ತದೆ, ಯಾಕೆಂದರೆ ಅದನ್ನು ಕಂಪನಿಯೇ ಕೊಂಡಿರುತ್ತದೆ. ಎಷ್ಟು ಹಸು ಕರು ಹಾಕಿದವು, ಎಷ್ಟು ಕರು ಸತ್ತವು, ನೆಲ ಹಿಂದೆ ಏನಾಗಿತ್ತು, ಇವೆಲ್ಲ ಮೂರು ಕೈ ಆಚೆ ಉಳಿದುಬಿಡುತ್ತವೆ. ನನ್ನ ಪ್ರಕಾರ ಆದ್ಯತೆಯ ಪಟ್ಟಿ ಶುರುವಾಗಬೇಕಾದದ್ದು ಆ ಮೊದಲ ಜಮೀನಿನಿಂದ.

ಉರುಗ್ವೆ 2006ರಲ್ಲೇ ಈ ಕೆಲಸಕ್ಕೆ ಕೈಹಾಕಿತು. ಅಲ್ಲಿ ಕಾನೂನಿನ ಪ್ರಕಾರ ಪ್ರತಿ ಕರುವಿಗೂ ಅದರದೇ ನಂಬರು. ಒಂದು ಕಿವಿಗೆ ಕಣ್ಣಿಗೆ ಕಾಣುವ ಬಿಲ್ಲೆ, ಇನ್ನೊಂದಕ್ಕೆ ಯಂತ್ರ ಓದುವ ಬಿಲ್ಲೆ. ದನ ಕೈ ಬದಲಾದರೂ ನಂಬರು ಬದಲಾಗುವುದಿಲ್ಲ. ಕಸಾಯಿಖಾನೆಯಲ್ಲಿ ಆ ಬಿಲ್ಲೆ ಓದಿದರೆ, ಅದು ಯಾವ ಹುಲ್ಲುಗಾವಲಿನಿಂದ ಹೊರಟಿತ್ತು ಅನ್ನುವುದು ಅಲ್ಲೇ ತಿಳಿಯುತ್ತದೆ.