ಹಿನ್ನೀರಿನ ದಂಡೆಯ ಹಳೆ ಮನೆಗೆ ಹೊಸ ಕೋಣೆ: ಗೋಡೆ ಹಚ್ಚಿ ಕಟ್ಟಬಹುದಾ?

ಪ್ರಶ್ನೆ: ಬಾಗಲಕೋಟೆ ಹತ್ತಿರ ಘಟಪ್ರಭೆಯ ಹಿನ್ನೀರಿನ ದಂಡೆಗೆ ನಮ್ಮ ಹಳೆ ಮನೆ ಇದೆ. ಹಿತ್ತಲು ನೀರಿನ ಕಡೆ ಜೋರಾಗಿ ಇಳಿದಿದೆ. ಅಲ್ಲಿ ಎರಡು ಕೋಣೆ ಹೆಚ್ಚಿಸಬೇಕು. ಹಳೆ ಗೋಡೆಗೇ ಹೊಸ ಗೋಡೆ ಹಚ್ಚಿ ಕಟ್ಟಿದರೆ ನಡೆಯುತ್ತಾ?

ಉತ್ತರ: ಹಚ್ಚಬೇಡಿ, ಒಂದು ಇಂಚು ಸಂದು ಬಿಡಿ. ಹಳೆ ಗೋಡೆ ಕೂರುವಷ್ಟು ಕೂತಾಗಿದೆ. ಹೊಸದು ಇನ್ನು ಮೇಲೆ ಕೂರಬೇಕು. ಅದರ ಮೇಲೆ ನಮ್ಮ ಎರೆ ಮಣ್ಣು ಬೇರೆ, ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಎರಡೂ ಗೋಡೆ ಕೂಡಿಸಿದರೆ ಕೂಡಿದಲ್ಲೇ ಬಿರುಕು ಬರುತ್ತದೆ. ಸಂದಿಗೆ ಥರ್ಮಾಕೋಲ್ ಇಟ್ಟು, ಮೇಲೆ ತಗಡಿನ ಪಟ್ಟಿ ಮುಚ್ಚಿ. ಪಟ್ಟಿಗೆ ಒಂದೇ ಗೋಡೆಯ ಕಡೆ ಮೊಳೆ ಹೊಡೆಯಿರಿ.

ಪಾಯ ತೋಡುವಾಗ ಇನ್ನೂ ಹುಷಾರು. ಹೊಸ ಪಾಯ ಹಳೆಯದಕ್ಕಿಂತ ಮೂರು ಅಡಿ ಕೆಳಗೆ ಹೋಗುವುದಾದರೆ ಆರು ಅಡಿಯಾದರೂ ದೂರ ಇರಲಿ. ಇಲ್ಲದಿದ್ದರೆ ಹಳೆ ಪಾಯದ ಕೆಳಗಿನ ಮಣ್ಣೇ ಗುಂಡಿಗೆ ಜಾರುತ್ತದೆ. ಹಾಗಂತ ನಡುವಿನ ಜಾಗ ಹಾಳಾಗಲ್ಲ. ಕಾಲಂ ದೂರ ನಿಲ್ಲಿಸಿ ಬೀಮನ್ನು ಮನೆಯ ಕಡೆ ಚಾಚಬಹುದು. ಇದಕ್ಕೆ ಮಾತ್ರ ಎಂಜಿನಿಯರ್ ಲೆಕ್ಕವೇ ಬೇಕು, ಗೌಂಡಿಯ ಅಂದಾಜು ಸಾಲದು.

ಆದರೆ ಜಾಸ್ತಿ ಜನ ಎಡವುವುದು ಇಳಿಜಾರಿನ ಮಣ್ಣು ಜಾರದಂತೆ ಕೆಳಗೆ ನೀರಿನ ಕಡೆ ಕಟ್ಟುವ ತಡೆಗೋಡೆಯಲ್ಲಿ. ನೀರು ಏರಿದಾಗ ಗೋಡೆಗೆ ಅಪಾಯ ಅಂದುಕೊಳ್ಳುತ್ತೇವೆ, ಅಲ್ವಾ? ನೀರು ತುಂಬಿದ್ದಾಗ ಹೊರಗಿನಿಂದ ಅದೇ ಗೋಡೆಗೆ ಆನಿಕೊಂಡಿರುತ್ತದೆ. ಇಳಿದಾಗ ಆ ಆಸರೆ ಹೋಗುತ್ತದೆ. ಒಳಗಿನ ಮಣ್ಣು ಮಾತ್ರ ಇನ್ನೂ ನೆನೆದು ಭಾರವಾಗಿ ಹೊರಗೆ ದೂಡುತ್ತಿರುತ್ತದೆ. 2019ರ ಆಗಸ್ಟ್ ಪ್ರವಾಹದಲ್ಲಿ ನಮ್ಮ ಸೋದರತ್ತೆಯ ಹಿತ್ತಲ ಗೋಡೆ ಅಷ್ಟೂ ದಿನ ಅಲುಗಲಿಲ್ಲ. ಹೊಳೆ ಇಳಿದ ನಾಲ್ಕನೇ ದಿನ, ಸುಡು ಬಿಸಿಲಲ್ಲಿ, ನಾವು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಧೊಪ್ಪನೆ ಮಲಗಿತು. ಹೋಗಿ ನೋಡಿದರೆ ಹಿಂದಿನ ಮಣ್ಣು ಹಿಂಡಿದರೆ ನೀರು ಸುರಿಯುವಂತಿತ್ತು. ಅಷ್ಟುದ್ದದ ಗೋಡೆಯಲ್ಲಿ ನೀರು ಹೋಗಲು ಒಂದು ತೂತೂ ಇರಲಿಲ್ಲ. ಹಿನ್ನೀರಿನ ದಂಡೆಗೆ ಈ ಏರಿಳಿತ ಪ್ರತಿ ವರ್ಷದ್ದು.

ಅದಕ್ಕೇ ನಾಲ್ಕೈದು ಅಡಿಗೊಂದು ಮೂರಿಂಚಿನ ಪೈಪು ಹೊರಗೆ ವಾಟ ಕೊಟ್ಟು ಕೂರಿಸಿ. ಗೋಡೆಯ ಹಿಂದೆ ಒಂದಡಿ ದಪ್ಪ ಖಡಿ, ಅದರಾಚೆ ಗರಸು ತುಂಬಿಸಿ. ತೋಡಿದ ಎರೆ ಮಣ್ಣನ್ನು ಸುಮ್ನೆ ಅಲ್ಲೇ ಸುರಿಯಲು ಬಿಡಬೇಡಿ. ಬಚ್ಚಲು ಮತ್ತು ಮಾಳಿಗೆ ನೀರು ಈ ಭರ್ತಿಯೊಳಗೆ ಇಂಗದಂತೆ ಪೈಪಿನಲ್ಲೇ ದೂರ ಹೋಗಲಿ.

ಇಷ್ಟು ಓದಿ ಗೌಂಡಿಗೆ ಫೋನ್ ಮಾಡುವ ಮೊದಲು ಇನ್ನೊಂದು ಕೆಲಸ ಇದೆ. ನಿಮ್ಮ ಹಿತ್ತಲಿನ ಹಿನ್ನೀರು ಆಲಮಟ್ಟಿ ಅಣೆಕಟ್ಟಿನದು. ಅಲ್ಲಿ ಈಗ ನೀರು ನಿಲ್ಲಿಸುವುದು 519.60 ಮೀಟರ್‌ವರೆಗೆ. 524.256 ಮೀಟರ್‌ಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಅಂದರೆ ಹೆಚ್ಚುಕಮ್ಮಿ ಹದಿನೈದು ಅಡಿ. ನಿಮ್ಮ ಮನೆ ಯಾವ ಮಟ್ಟದಲ್ಲಿದೆ ಅಂತ ಸರ್ವೇ ಮಾಡಿಸಿ, ಭೂಸ್ವಾಧೀನ ಕಚೇರಿಯಲ್ಲಿ ವಿಚಾರಿಸಿ. ಮುಳುಗಡೆ ಪಟ್ಟಿಯಲ್ಲಿದ್ದರೆ ಹೊಸ ಕೋಣೆ ಬಿಡಿ, ಸೋರುವ ಮಾಳಿಗೆ ಸರಿಮಾಡಿ ಸುಣ್ಣ ಬಳಿಸಿಕೊಂಡರೆ ಸಾಕು.